ಹೊಟ್ಟೆಯ ಮೇಲೆ ಕೆಂಡ: ಕ್ರೋನ್ಸ್ ಕಾಯಿಲೆಗೆ ಶಾಂಘೈನಲ್ಲಿ ನಡೆದ ಒಂದು ಪರೀಕ್ಷೆ

ಕರುಳು ಊದಿಕೊಂಡು, ಹುಣ್ಣಾಗಿ, ದಿನಕ್ಕೆ ಏಳೆಂಟು ಸಲ ಟಾಯ್ಲೆಟ್‌ಗೆ ಓಡುತ್ತಿರುವವರ ಹೊಟ್ಟೆಯ ಮೇಲೆ ಸೊಪ್ಪು ಸುಟ್ಟು ಶಾಖ ಕೊಡಬಹುದಾ? ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. "ಮೊದಲೇ ಉಷ್ಣ, ಅದರ ಮೇಲೆ ಬೆಂಕಿ ಬೇರೆ ಕೇಡು! ಮಜ್ಜಿಗೆ ಕುಡಿಸಿ" ಎಂದು ಬೈಯುತ್ತಾರೆ. ಶಾಂಘೈನ ವೈದ್ಯರು ಅದನ್ನೇ ಮಾಡಿದರು. ಸುಮ್ನೆ ಮಾಡಲಿಲ್ಲ, ಲೆಕ್ಕ ಇಟ್ಟು ಮಾಡಿದರು. 92 ರೋಗಿಗಳು, ವಾರಕ್ಕೆ ಮೂರು ಸಲದಂತೆ 12 ವಾರ ಚಿಕಿತ್ಸೆ, ಆಮೇಲೆ ಇನ್ನೂ 12 ವಾರ ನಿಗಾ. ಫಲಿತಾಂಶ 2014ರಲ್ಲಿ ಜಠರ-ಕರುಳಿನ ತಜ್ಞರು ಓದುವ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾಕ್ಸಿಬಷನ್ ಎಂಬ ಈ ಚೀನೀ ಶಾಖ ಚಿಕಿತ್ಸೆಯನ್ನು ಹೊಗಳುವವರೂ ಬೇಕಾದಷ್ಟಿದ್ದಾರೆ, ಬೈಯುವವರೂ ಬೇಕಾದಷ್ಟಿದ್ದಾರೆ. ಇಬ್ಬರೂ ಈ ಪರೀಕ್ಷೆಯನ್ನು ಎತ್ತಿ ತೋರಿಸುತ್ತಾರೆ. ಆದರೆ ಇದರೊಳಗೆ ನಿಜವಾಗಿ ಯಾವುದನ್ನು ಯಾವುದರ ಜೊತೆ ಹೋಲಿಸಿದರು ಅಂತ ನೋಡುವವರು ಕಡಿಮೆ. ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸಿದ್ದೇ ಅದು.

ಕಾಯಿಲೆ ಯಾವುದು

ಕರುಳಿನ ಉರಿಯೂತದ ಕಾಯಿಲೆ ಅಂದಾಗ ಮುಖ್ಯವಾಗಿ ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಅಂಟಿಕೊಂಡಿರುತ್ತದೆ. ಕ್ರೋನ್ಸ್ ಕಾಯಿಲೆ ಹಾಗಲ್ಲ. ಬಾಯಿಂದ ಗುದದ ತನಕ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಜಾಸ್ತಿ ಕಾಣುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಕರುಳಿನ ಗೋಡೆಯನ್ನು ಪೂರ್ತಿ ಆಳದವರೆಗೆ ಕೆಡಿಸುತ್ತದೆ. ಕರುಳಿನ ದಾರಿ ಕಿರಿದಾಗುವುದು, ಪಕ್ಕದ ಅಂಗಕ್ಕೆ ತೂತು ಬೀಳುವುದು, ಕೀವು ತುಂಬುವುದು ಎಲ್ಲ ಇದರಿಂದಲೇ. 1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಹೆಸರು ಮಾತ್ರ ಮೊದಲನೆಯವರಿಗೆ ಹೋಯಿತು.

ರೋಗನಿರೋಧಕ ವ್ಯವಸ್ಥೆ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅತಿಯಾಗಿ ಸಿಟ್ಟಾಗುವುದು ಮೂಲ ತೊಂದರೆ. ಇದನ್ನು ಹದ್ದಿನಲ್ಲಿಡಲು ಮೆಸಲಮೈನ್, ಸ್ಟೆರಾಯ್ಡ್, ಅಜಾಥಯೋಪ್ರಿನ್ ಎಂಬ ಔಷಧಗಳಿವೆ, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬಯಾಲಾಜಿಕ್ (ಜೀವಕೋಶಗಳಿಂದ ತಯಾರಿಸಿದ) ಇಂಜೆಕ್ಷನ್‌ಗಳಿವೆ. ಪೂರ್ತಿ ಗುಣ ಮಾಡುವ ಔಷಧ ಇಲ್ಲ. ಕಾಯಿಲೆ ಕೆರಳುತ್ತದೆ, ತಣ್ಣಗಾಗುತ್ತದೆ, ಮತ್ತೆ ಕೆರಳುತ್ತದೆ. ಈ ಏರಿಳಿತವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾಂಘೈನವರು ಮಾಡಿದ್ದೇನು

ಕೆಲಸ ನಡೆದದ್ದು ಶಾಂಘೈನ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿನ ವೂ ಹುವಾನ್‌ಗಾನ್ ಮತ್ತು ಅವರ ತಂಡ ಕರುಳಿನ ಕಾಯಿಲೆಗೆ ಶಾಖ ಕೊಡುವುದರ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. 2014ರ ವರದಿಯ ಲೇಖಕರಲ್ಲಿ ಮೊದಲ ಹೆಸರು ಬಾವೋ ಚುನ್‌ಹುಯಿ ಅವರದು.

ಚಿಕಿತ್ಸೆಯ ಸಾಮಗ್ರಿ ಮಾಕ್ಸಾ. ಇದು ಆರ್ಟಿಮೀಸಿಯಾ ಜಾತಿಯ ಒಂದು ಗಿಡದ ಎಲೆ. ನಮ್ಮಲ್ಲಿ ಗಣಪತಿ ಪೂಜೆಗೆ ತರುವ ಮಾಚಿಪತ್ರೆ, ಹೂವಿನ ಹಾರಕ್ಕೆ ಸೇರಿಸುವ ದವನ ಎರಡೂ ಅದೇ ಬಳಗದವು. ಚೀನಾದಲ್ಲಿ ಇದನ್ನು ಐದನೇ ತಿಂಗಳ ದೋಣಿ ಹಬ್ಬದ ಆಸುಪಾಸಿನಲ್ಲಿ ಕೊಯ್ದು, ಒಣಗಿಸಿ, ಕುಟ್ಟಿ, ಜರಡಿ ಹಿಡಿಯುತ್ತಾರೆ. ದಂಟು, ನಾರು, ಪುಡಿ ಎಲ್ಲ ಹೋಗಿ ಹತ್ತಿಯಂಥ ನಯವಾದ ಅರಳೆ ಉಳಿಯುತ್ತದೆ. ಹಳೆಯದಾದಷ್ಟೂ ಬೆಲೆ ಜಾಸ್ತಿ, ಯಾಕೆಂದರೆ ಹಳೆಯ ಅರಳೆ ಭಗ್ಗನೆ ಉರಿಯದೆ ನಿಧಾನವಾಗಿ ಕೆಂಡವಾಗುತ್ತದೆ. ಹುಬೇ ಪ್ರಾಂತ್ಯದ ಚೀಚುನ್ ಎಂಬ ಊರಿನ ಮಾಕ್ಸಾಕ್ಕೆ ಹೆಸರು ದೊಡ್ಡದು.

ಇದು ಎಷ್ಟು ಹಳೆಯದು ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದ್ವೇ ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯ ಬರಹಗಳು ಸಿಕ್ಕವು. ಆ ಗೋರಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ದೇಹದ ಹನ್ನೊಂದು ನಾಡಿಗಳ ಮೇಲೆ ಶಾಖ ಕೊಡುವ ವಿವರ ಅದರಲ್ಲಿದೆ. ಸೂಜಿಯ ಮಾತು ಆ ನಾಡಿಗಳ ಬರಹದಲ್ಲಿ ಇಲ್ಲ. ಅಂದರೆ ಕೆಂಡ ಸೂಜಿಗಿಂತ ಮುಂಚಿನದು ಅಂತ ಅನೇಕ ಇತಿಹಾಸಕಾರರ ಅಂದಾಜು.

ಹಳೆಯ ಕಾಲದಲ್ಲಿ ಚರ್ಮದ ಮೇಲೇ ಸುಟ್ಟು ಗುಳ್ಳೆ, ಕಲೆ ಬೀಳಿಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಎಳೆ ಮಕ್ಕಳ ಹೊಟ್ಟೆಗೆ ಬರೆ ಹಾಕುವ ಪದ್ಧತಿ ನೆನಪಾಗುತ್ತದೆ, ಅಲ್ವಾ? ಬರೆ ಹಾಕಿಸಿಕೊಂಡ ಕೂಸು ಸೋಂಕಾಗಿ ಆಸ್ಪತ್ರೆ ಸೇರುವುದು ಇಂದಿಗೂ ನಿಂತಿಲ್ಲ, ಅದನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಶಾಂಘೈನಲ್ಲಿ ಮಾಡಿದ್ದು ಬೇರೆ. ಅಲ್ಲಿ ಚರ್ಮಕ್ಕೂ ಕೆಂಡಕ್ಕೂ ನಡುವೆ ಒಂದು ಬಿಲ್ಲೆ ಇರುತ್ತದೆ. ನಾಲ್ಕನೇ ಶತಮಾನದ ಗೆ ಹೊಂಗ್ ಎಂಬ ವೈದ್ಯನ ಕಾಲಕ್ಕೇ ಬೆಳ್ಳುಳ್ಳಿ, ಉಪ್ಪು ಇಟ್ಟು ಅದರ ಮೇಲೆ ಸುಡುವುದು ಗೊತ್ತಿತ್ತು.

ಶಾಂಘೈನ ಬಿಲ್ಲೆಯಲ್ಲಿ ಇದ್ದದ್ದು ಔಷಧಿ ಪುಡಿ. ಚಿಕ್ಕ ನಿಪ್ಪಟ್ಟಿನ ಹಾಗೆ ತಟ್ಟಿದ, ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ. ಅದರೊಳಗಿನ ಸಾಮಾನು ನೋಡಿದರೆ ಕನ್ನಡದವರಿಗೆ ಪರಿಚಯದ ಮುಖಗಳೇ ಕಾಣುತ್ತವೆ. ದಾಲ್ಚಿನ್ನಿ ಇದೆ. ಉತ್ತರ ಕರ್ನಾಟಕದ ಎರೆ ಹೊಲದ ಕುಸುಬೆಯ ಹೂವು ಇದೆ. ನಮ್ಮಲ್ಲಿ ಕೋಷ್ಠ ಎನ್ನುವ ಬೇರು ಇದೆ, ಒಂದು ಕಾಲದಲ್ಲಿ ಕಾಶ್ಮೀರದಿಂದ ಚೀನಾಕ್ಕೆ ಹೋಗುತ್ತಿದ್ದ ಸರಕು ಅದು. ವತ್ಸನಾಭಿಯ ಕುಲದ ಒಂದು ಗಡ್ಡೆಯೂ ಇದೆ. ವಿಷದ ಗಡ್ಡೆಯೇ, ಶುದ್ಧಿ ಮಾಡಿ ಬಳಸುತ್ತಾರೆ. ಜೊತೆಗೆ ಹ್ವಾಂಗ್‌ಲ್ಯೆನ್ ಎಂಬ ಕಹಿ ಬೇರು.

ಬಿಲ್ಲೆ ಇಡುವ ಜಾಗಗಳು ಹೀಗೆ. ಎದೆಮೂಳೆಯ ತುದಿಗೂ ಹೊಕ್ಕುಳಿಗೂ ಸರಿಯಾಗಿ ಮಧ್ಯೆ ಒಂದು, ಅದು ಝೊಂಗ್‌ವಾನ್. ಹೊಕ್ಕುಳಿನ ಎಡಕ್ಕೆ, ಬಲಕ್ಕೆ ಎರಡೆರಡು ಅಂಗುಲ ದೂರ ಒಂದೊಂದು, ಅವು ಥ್ಯೆನ್‌ಷು. ಹೊಕ್ಕುಳಿನಿಂದ ಒಂದೂವರೆ ಅಂಗುಲ ಕೆಳಗೆ ಚೀಹಾಯ್. ಅಂಗುಲ ಅಂದರೆ ಇಲ್ಲಿ ರೋಗಿಯದೇ ಹೆಬ್ಬೆರಳಿನ ಅಗಲ. ನಮ್ಮ ಆಯುರ್ವೇದದ ಅಳತೆಯೂ ರೋಗಿಯ ಬೆರಳನ್ನೇ ಹಿಡಿದು ಹೋಗುತ್ತದೆ. ಬಿಲ್ಲೆಯ ಮೇಲೆ ಮಾಕ್ಸಾದ ಪುಟ್ಟ ಗೋಪುರ ಇಟ್ಟು ತುದಿಗೆ ಬೆಂಕಿ ಮುಟ್ಟಿಸುತ್ತಾರೆ. ಕೆಂಡ ಮೇಲಿಂದ ಕೆಳಗೆ ಇಳಿಯುತ್ತದೆ, ಬಿಲ್ಲೆ ಕಾಯುತ್ತದೆ, ಹೊಟ್ಟೆಗೆ ಬಿಸಿ ಇಳಿಯುತ್ತದೆ. ಇದರ ಜೊತೆಗೆ ಮೊಣಕಾಲಿನ ಕೆಳಗಿನ ಜೂಸಾನ್‌ಲಿಯೂ ಸೇರಿದಂತೆ ಕಾಲಿನ ಬಿಂದುಗಳಿಗೆ ಸೂಜಿ.

ಉರಿಯುವ ಕರುಳಿಗೆ ಬಿಸಿ ಯಾಕೆ? ಚೀನೀ ವೈದ್ಯದ ಲೆಕ್ಕದಲ್ಲಿ ಬಹಳ ದಿನದ ಭೇದಿ ಅಂದರೆ ಒಳಗಿನ ಕಾವು ಆರಿಹೋಗಿದೆ ಅಂತ. ತಿಂದದ್ದನ್ನು ಬೇಯಿಸುವ ಶಕ್ತಿ ಕುಂದಿದೆ, ಹೊಟ್ಟೆ ತಣ್ಣಗಾಗಿದೆ, ಹಾಗಾಗಿ ನೀರಾಗಿ ಹೋಗುತ್ತಿದೆ. ನಮ್ಮ ಹಿರಿಯರು ಜಠರಾಗ್ನಿ ಮಂದವಾಗಿದೆ ಎನ್ನುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಆದರೆ ಜ್ವರ, ರಕ್ತ, ಕೀವು ಇರುವ ಹೊಸ ಕೆರಳಿಕೆಗೆ ಅಲ್ಲಿನ ಸಾಂಪ್ರದಾಯಿಕ ವೈದ್ಯರೂ ಕೆಂಡ ಹಿಡಿದು ಓಡಿ ಬರುವುದಿಲ್ಲ. ಈ ಪರೀಕ್ಷೆಗೆ ತೆಗೆದುಕೊಂಡದ್ದೂ ಹದವಾಗಿ ಕೆರಳಿದವರನ್ನು ಮಾತ್ರ, ತೀವ್ರ ಸ್ಥಿತಿಯವರನ್ನಲ್ಲ.

ಸುಳ್ಳು ಕೆಂಡ ಮಾಡುವುದು ಹೇಗೆ?

ಮಾತ್ರೆಯ ಪರೀಕ್ಷೆಯಲ್ಲಿ ಸುಲಭ. ಒಬ್ಬರಿಗೆ ಔಷಧದ ಮಾತ್ರೆ, ಇನ್ನೊಬ್ಬರಿಗೆ ಅದೇ ಬಣ್ಣದ ಸಕ್ಕರೆ ಮಾತ್ರೆ. ಕೊಡುವವರಿಗೂ ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ. ಕೆಂಡದ ವಿಷಯದಲ್ಲಿ ಏನು ಮಾಡುತ್ತೀರಿ? ಬಿಸಿ ತಾಗದಿದ್ದರೆ ರೋಗಿಗೆ ತಕ್ಷಣ ಗೊತ್ತಾಗುತ್ತದೆ. ಹೊಗೆ ಬರದಿದ್ದರೆ ಗೊತ್ತಾಗುತ್ತದೆ.

ಶಾಂಘೈನವರು ಹುಡುಕಿದ ದಾರಿ ಇದು. 46 ಜನಕ್ಕೆ ಔಷಧಿ ಬಿಲ್ಲೆಯ ಮೇಲೆ ಕೆಂಡ ಮತ್ತು ಸರಿಯಾದ ಸೂಜಿ. ಇನ್ನು 46 ಜನಕ್ಕೆ ಗೋಧಿ ಹೊಟ್ಟಿನ ಬಿಲ್ಲೆಯ ಮೇಲೆ ಕೆಂಡ, ಜೊತೆಗೆ ಚರ್ಮದಲ್ಲೇ ನಿಲ್ಲುವ ಮೇಲುಮೇಲಿನ ಸೂಜಿ. ಯಾರು ಯಾವ ಗುಂಪಿಗೆ ಎಂಬುದು ಲಾಟರಿಯಂತೆ ನಿರ್ಧಾರವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡನೇ ಗುಂಪಿನವರ ಹೊಟ್ಟೆಯ ಮೇಲೂ ಕೆಂಡ ಇತ್ತು! ಅವರಿಗೂ ಬಿಸಿ ತಾಗಿತು, ಮಾಕ್ಸಾದ ಹೊಗೆ ಮೂಗಿಗೆ ಬಡಿಯಿತು. ಅವರೂ 12 ವಾರದಲ್ಲಿ 36 ಸಲ ಬಂದರು, ಮಲಗಿದರು, ಒಬ್ಬ ವೈದ್ಯರು ಪಕ್ಕದಲ್ಲಿ ನಿಂತು ಗಮನ ಕೊಟ್ಟರು. ಹಾಗಾದರೆ ಎರಡು ಗುಂಪಿನ ನಡುವಿನ ವ್ಯತ್ಯಾಸ ಯಾವುದು? ಬಿಲ್ಲೆಯೊಳಗಿನ ಔಷಧಿ ಮತ್ತು ಸೂಜಿ ಹಾಕಿದ ರೀತಿ. ಶಾಖ ಎರಡೂ ಕಡೆ ಇತ್ತು.

ಅಂದರೆ "ಶಾಖ ಕೊಟ್ಟರೆ ಕ್ರೋನ್ಸ್ ಕಾಯಿಲೆಗೆ ಗುಣ ಸಿಗುತ್ತದಾ" ಎಂಬ ಪ್ರಶ್ನೆಯನ್ನು ಈ ಪರೀಕ್ಷೆ ಕೇಳಲೇ ಇಲ್ಲ. ಇದು ಕೇಳಿದ್ದು "ಔಷಧಿ ಬಿಲ್ಲೆಯ ಶಾಖದ ಜೊತೆ ಆಳದ ಸೂಜಿ ಸೇರಿದರೆ, ಗೋಧಿ ಹೊಟ್ಟಿನ ಶಾಖ ಮತ್ತು ಮೇಲು ಸೂಜಿಗಿಂತ ಹೆಚ್ಚು ಗುಣವಾಗುತ್ತದಾ" ಅಂತ. ಮಾಕ್ಸಾ ಪರವಾಗಿ ಮಾತಾಡುವವರು ಇದನ್ನು ಶಾಖದ ಗೆಲುವು ಅಂತ ಸಾರುತ್ತಾರೆ. ವಿರೋಧಿಗಳು ಸುಳ್ಳು ಚಿಕಿತ್ಸೆ ಪಡೆದವರೂ ಸುಧಾರಿಸಿದ್ದರಲ್ಲ ಎಂದು ನಗುತ್ತಾರೆ. ಆ "ಸುಳ್ಳು" ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ಎರಡೂ ಕಡೆಯವರು ಬಿಟ್ಟುಬಿಡುತ್ತಾರೆ.

ತಂಡದವರನ್ನು ಬೈದು ಪ್ರಯೋಜನವಿಲ್ಲ. ಬಿಸಿಯನ್ನೇ ತೆಗೆದುಬಿಟ್ಟರೆ ಆಗ ರೋಗಿಗೆ ತನಗೆ ಸಿಕ್ಕಿದ್ದು ನಕಲಿ ಎಂದು ಗೊತ್ತಾಗಿ ಪರೀಕ್ಷೆಯೇ ಕೆಡುತ್ತದೆ. ಆದರೂ ಒಂದು ತೂತು ಉಳಿಯುತ್ತದೆ. ಚಿಕಿತ್ಸೆ ಕೊಡುವ ವೈದ್ಯರ ಕಣ್ಣಿಗೆ ಪಟ್ಟಿ ಕಟ್ಟಲು ಆಗುವುದಿಲ್ಲ. ದಾಲ್ಚಿನ್ನಿ, ಕೋಷ್ಠದ ಘಮ ಇರುವ ಬಿಲ್ಲೆ ಯಾವುದು, ಬರೀ ಹೊಟ್ಟಿನದು ಯಾವುದು ಅಂತ ಕೈಗೆತ್ತಿಕೊಂಡ ಕೂಡಲೇ ತಿಳಿಯುತ್ತದೆ. ಮಾತಿನ ಧಾಟಿ, ಮುಖದ ಭರವಸೆ ರೋಗಿಗೆ ದಾಟದೇ ಇರುತ್ತದಾ?

ಅಂಕ ಹಾಕಿದ್ದು ಹೇಗೆ

ಗುಣವಾಯಿತೋ ಇಲ್ಲವೋ ಅಳೆಯಲು ಬಳಸಿದ ಮುಖ್ಯ ಅಳತೆ ಸಿಡಿಎಐ ಎಂಬ ಅಂಕಪಟ್ಟಿ. 1976ರಿಂದ ಬಳಕೆಯಲ್ಲಿದೆ. ಎಂಟು ಬಾಬತ್ತುಗಳಿವೆ. 150ಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಶಾಂತ ಅಂತ ಲೆಕ್ಕ. ಅದರ ಒಳಗಿನ ಗಣಿತ ನೋಡಿದರೆ ಬಹಳ ವಿಷಯ ತಿಳಿಯುತ್ತದೆ.

ರೋಗಿ ಒಂದು ವಾರ ದಿನಚರಿ ಬರೆಯಬೇಕು. ನೀರಾಗಿ ಎಷ್ಟು ಸಲ ಹೋಯಿತು, ಹೊಟ್ಟೆನೋವು ಎಷ್ಟು, ಒಟ್ಟಾರೆ ಹೇಗಿದ್ದೀರಿ. ನೋವಿಗೆ ದಿನಕ್ಕೆ 0ಯಿಂದ 3, ಒಟ್ಟಾರೆ ಸ್ಥಿತಿಗೆ 0ಯಿಂದ 4. ಏಳು ದಿನದ ಮೊತ್ತ ಕೂಡಿ, ಭೇದಿಯನ್ನು 2ರಿಂದ, ನೋವನ್ನು 5ರಿಂದ, ಒಟ್ಟಾರೆ ಸ್ಥಿತಿಯನ್ನು 7ರಿಂದ ಗುಣಿಸುತ್ತಾರೆ. ಆಮೇಲೆ ರಕ್ತಹೀನತೆ, ತೂಕ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ಕೀಲುನೋವಿನಂಥ ಇತರ ತೊಂದರೆ, ಭೇದಿ ನಿಲ್ಲಿಸುವ ಮಾತ್ರೆ ಇವುಗಳ ಅಂಕ ಸೇರುತ್ತದೆ.

ಒಬ್ಬ ರೋಗಿ ಇದ್ದಾರೆ ಅಂದುಕೊಳ್ಳಿ. ಅವರಿಗೆ ಪ್ರತಿದಿನ ನೋವು ಒಂದು ಮೆಟ್ಟಿಲು ಕಡಿಮೆ ಅನ್ನಿಸಿತು, ಒಟ್ಟಾರೆಯೂ ಒಂದು ಮೆಟ್ಟಿಲು ಹಾಯ್ ಅನ್ನಿಸಿತು. ನೋವಿನಿಂದ 35, ಒಟ್ಟಾರೆಯಿಂದ 49, ಒಟ್ಟು 84 ಅಂಕ ಇಳಿಯಿತು. ಔಷಧಿ ಪರೀಕ್ಷೆಗಳಲ್ಲಿ 70 ಅಂಕ ಇಳಿದರೆ "ಪರಿಣಾಮ ಕಂಡಿತು" ಎಂದು ಬರೆಯುವ ರೂಢಿ ಇತ್ತು, ಆಮೇಲೆ ಅದನ್ನು 100ಕ್ಕೆ ಏರಿಸಿದರು. ಕರುಳಿನ ಒಂದು ಹುಣ್ಣೂ ಮಾಯದೆ ಈ ರೋಗಿ 70ರ ಗೆರೆ ದಾಟಿಬಿಟ್ಟರು. ಹೊಟ್ಟೆಗೆ ಬೆಚ್ಚಗೆ ಶಾಖ ಕೊಟ್ಟರೆ ನೋವು ಕಡಿಮೆ ಅನ್ನಿಸುವುದು ಮುಟ್ಟಿನ ನೋವಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು.

ಇದರ ಮೇಲೆ ಕಾಯಿಲೆಯ ಏರಿಳಿತ ಬೇರೆ. ಜನ ಪರೀಕ್ಷೆಗೆ ಸೇರುವುದೇ ಕಾಯಿಲೆ ಕೆರಳಿದಾಗ. ಮೂರು ತಿಂಗಳಲ್ಲಿ ಕೆಲವರದು ತಾನಾಗಿಯೇ ಇಳಿಯುತ್ತದೆ. ಕ್ರೋನ್ಸ್ ಔಷಧಿಗಳ ಹಳೆಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಸಕ್ಕರೆ ಮಾತ್ರೆ ನುಂಗಿದವರಲ್ಲೂ ನೂರಕ್ಕೆ ಸುಮಾರು 18 ಜನ ಶಾಂತ ಸ್ಥಿತಿಗೆ ಬಂದಿದ್ದರು.

ಏನು ಸಿಕ್ಕಿತು

ಎರಡೂ ಗುಂಪುಗಳ ಅಂಕ ಇಳಿಯಿತು. ಔಷಧಿ ಬಿಲ್ಲೆಯ ಗುಂಪಿನಲ್ಲಿ ಇಳಿತ ಗಮನಾರ್ಹವಾಗಿ ಹೆಚ್ಚಿತ್ತು. ಆ ಗುಂಪಿನಲ್ಲಿ ಹಿಮೋಗ್ಲೋಬಿನ್ ಏರಿತು, ಉರಿಯೂತದ ಗುರುತಾದ ಸಿಆರ್‌ಪಿ ಇಳಿಯಿತು. ನನ್ನ ಮಟ್ಟಿಗೆ ಈ ವರದಿಯ ತೂಕ ಇರುವುದು ಈ ಕೊನೆಯ ಎರಡರಲ್ಲಿ. ಹಾಯ್ ಅನ್ನಿಸುವುದನ್ನು ಮನಸ್ಸು ಮಾಡಿಕೊಡಬಹುದು, ಸಿಆರ್‌ಪಿಯನ್ನು ಇಳಿಸುವುದು ಅಷ್ಟು ಸಲೀಸಲ್ಲ. ಹಾಗಂತ 92 ಜನರ, ಒಂದೇ ತಂಡದ ಒಂದು ಪರೀಕ್ಷೆಯ ಮೇಲೆ ಔಷಧಿ ಬಿಡಿ ಎನ್ನುವವರನ್ನು ನಂಬುವ ಹಾಗಿಲ್ಲ.

ಬೇರೆ ಕಡೆ? ಇದಕ್ಕೆ ಹತ್ತು ವರ್ಷ ಮೊದಲು, 2004ರಲ್ಲಿ, ಜರ್ಮನಿಯಲ್ಲಿ 51 ಕ್ರೋನ್ಸ್ ರೋಗಿಗಳ ಮೇಲೆ ಸೂಜಿ ಮತ್ತು ಮಾಕ್ಸಾ ಪ್ರಯೋಗಿಸಿದ್ದರು. ನಾಲ್ಕು ವಾರದಲ್ಲಿ ಹತ್ತು ಸಲ. ಚಿಕಿತ್ಸೆಯ ಗುಂಪಿನಲ್ಲಿ ಸಿಡಿಎಐ ಸರಾಸರಿ 250ರಿಂದ 163ಕ್ಕೆ ಇಳಿಯಿತು. ಹೋಲಿಕೆಯ ಗುಂಪಿನಲ್ಲೂ ಇಳಿಯಿತು, ಆದರೆ ಅದರ ಅರ್ಧಕ್ಕಿಂತ ಕಡಿಮೆ. ದಿಕ್ಕು ಒಂದೇ, ಸಂಖ್ಯೆ ಚಿಕ್ಕದು. ಅಲ್ಸರೇಟಿವ್ ಕೊಲೈಟಿಸ್ ವಿಷಯದಲ್ಲಿ ಚಿತ್ರ ಇನ್ನೂ ಮಸುಕು. 2010ರಲ್ಲಿ ಕೊರಿಯಾದ ಸಂಶೋಧಕರು ಮಾಕ್ಸಾದ ಐದು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಂಕಿಗಳು ಮಾಕ್ಸಾ ಪರವಾಗಿದ್ದವು. ಆದರೆ ಐದರ ಗುಣಮಟ್ಟವೂ ಕಳಪೆ, ನಂಬಿ ಹೇಳಲು ಸಾಲದು ಎಂದು ಅವರೇ ಬರೆದರು.

ಶಾಂಘೈ ತಂಡ ಅಲ್ಲಿಗೆ ನಿಲ್ಲಲಿಲ್ಲ. 2022ರಲ್ಲಿ 66 ಕ್ರೋನ್ಸ್ ರೋಗಿಗಳ ಮತ್ತೊಂದು ಪರೀಕ್ಷೆ ಹೊರಬಂತು. ಈ ಸಲ 12 ವಾರದ ಚಿಕಿತ್ಸೆಯ ನಂತರ ನಿಗಾ 36 ವಾರದ್ದು. ಮಲದಲ್ಲಿನ ಬ್ಯಾಕ್ಟೀರಿಯಾಗಳನ್ನೂ ಎಣಿಸಿದರು. ಕ್ರೋನ್ಸ್ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಕಡಿಮೆಯಾಗಿರುವ ಫೀಕಲಿಬ್ಯಾಕ್ಟೀರಿಯಂ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ನಿಜವಾದ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಾಗಿತ್ತು. ಶಾಂತ ಸ್ಥಿತಿಗೆ ಬಂದವರೂ ಆ ಗುಂಪಿನಲ್ಲೇ ಜಾಸ್ತಿ.

ಕೆಂಡದ ಬಿಸಿ ಕರುಳಿನವರೆಗೆ ಇಳಿಯುವುದಿಲ್ಲ, ಚರ್ಮದ ಕೆಳಗೆ ಸ್ವಲ್ಪ ದೂರಕ್ಕೇ ನಿಲ್ಲುತ್ತದೆ. ಪರಿಣಾಮ ಇದ್ದರೆ ಅದು ನರಗಳ ಮೂಲಕ ಆಗುತ್ತಿರಬಹುದು. 2021ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಕೆಲಸದಲ್ಲಿ ಹಿಂಗಾಲಿನ ಜೂಸಾನ್‌ಲಿ ಜಾಗಕ್ಕೆ ಸೂಜಿಯಿಂದ ಸಣ್ಣ ವಿದ್ಯುತ್ ಕೊಟ್ಟಾಗ, ಒಂದು ನಿರ್ದಿಷ್ಟ ಜಾತಿಯ ನರಗಳ ಮೂಲಕ ಸಂದೇಶ ಮಿದುಳಿಗೆ ಹೋಗಿ, ಅಲ್ಲಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹಿಡಿದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತಲುಪಿ ಉರಿಯೂತ ತಗ್ಗಿತು. ಹೊಟ್ಟೆಯ ಬಿಂದುವಿಗೆ ಕೊಟ್ಟಾಗ ಆ ದಾರಿ ಕೆಲಸ ಮಾಡಲಿಲ್ಲ. ಅದು ವಿದ್ಯುತ್, ಇಲ್ಲಿ ಶಾಖ. ಒಂದನ್ನು ಇನ್ನೊಂದಕ್ಕೆ ಪುರಾವೆ ಮಾಡಿಕೊಳ್ಳಬಾರದು.

ಇಲ್ಲಿ ಮಾಡಿಸಿಕೊಳ್ಳಬೇಕು ಅನ್ನಿಸಿದರೆ

ಭಾರತದಲ್ಲಿ ಅಕ್ಯುಪಂಕ್ಚರ್‌ಗೆ 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾನ್ಯತೆ ಸಿಕ್ಕಿದೆ. ಬಿಎನ್‌ವೈಎಸ್ ಪದವಿ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರೂ ಇದನ್ನು ಕಲಿತಿರುತ್ತಾರೆ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಚಿಕಿತ್ಸೆಯದ್ದಲ್ಲ, ಕಾಯಿಲೆ ನಿಜಕ್ಕೂ ಕ್ರೋನ್ಸ್ ಹೌದಾ ಎನ್ನುವುದು. ನಮ್ಮ ದೇಶದಲ್ಲಿ ಕರುಳಿನ ಟಿಬಿ ಅಚ್ಚು ಹೊಡೆದಂತೆ ಹೀಗೇ ಕಾಣುತ್ತದೆ, ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ಮಾಡಿದ ಮೇಲೂ ತಜ್ಞರೇ ತಲೆ ಕೆರೆದುಕೊಳ್ಳುತ್ತಾರೆ. ಟಿಬಿಗೆ ಹೊಟ್ಟೆಯ ಮೇಲೆ ಕೆಂಡ ಇಟ್ಟುಕೊಂಡು ತಿಂಗಳುಗಟ್ಟಲೆ ಕೂತರೆ ಗತಿಯೇನು?

ಸ್ಟೆರಾಯ್ಡ್ ಬಹಳ ದಿನ ತಗೊಂಡವರ ಚರ್ಮ ತೆಳುವಾಗಿರುತ್ತದೆ, ಬೇಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದಲೋ, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೋ ಸ್ಪರ್ಶ ಮಂದವಾದವರಿಗೆ ಬಿಸಿ ಜಾಸ್ತಿಯಾದದ್ದೇ ಗೊತ್ತಾಗುವುದಿಲ್ಲ. ಉಬ್ಬಸ ಇರುವವರಿಗೆ ಮಾಕ್ಸಾದ ಹೊಗೆ ಆಗಿಬರುವುದಿಲ್ಲ. ಜ್ವರ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ವಾಂತಿ, ಗುದದ ಹತ್ತಿರ ಕೀವು ಇದ್ದರೆ ಹೋಗಬೇಕಾದ್ದು ನೇರ ಆಸ್ಪತ್ರೆಗೆ. ವತ್ಸನಾಭಿ ಜಾತಿಯ ಪುಡಿ ಹಾಕಿದ ಬಿಲ್ಲೆಯನ್ನು ಮನೆಯಲ್ಲಿ ತಟ್ಟಿಕೊಳ್ಳುವ ಸಾಹಸ ಬೇಡ.

ಇಷ್ಟೆಲ್ಲ ನೋಡಿಕೊಂಡು, ನಡೆಯುತ್ತಿರುವ ಔಷಧಿಯನ್ನು ಮುಂದುವರಿಸಿಕೊಂಡೇ ಮಾಡಿಸುವವರು ಶುರು ಮಾಡುವ ಮುಂಚೆ ಸಿಆರ್‌ಪಿ, ಹಿಮೋಗ್ಲೋಬಿನ್, ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. ನೋವು ಕಡಿಮೆಯಾಗಿ ಕ್ಯಾಲ್‌ಪ್ರೊಟೆಕ್ಟಿನ್ ಹಾಗೇ ಇದ್ದರೆ, ಹಾಯ್ ಅನ್ನಿಸಿದೆ, ಕರುಳು ಮಾತ್ರ ಇನ್ನೂ ಉರಿಯುತ್ತಿದೆ ಅಂತ ಅರ್ಥ. ಆ ಎರಡೂ ಕಾಗದ ಹಿಡಿದು ನಿಮ್ಮ ಗ್ಯಾಸ್ಟ್ರೋ ಡಾಕ್ಟರನ್ನು ನೋಡಿ. ಔಷಧಿಯನ್ನು ಏರಿಸಬೇಕೋ ಇಳಿಸಬೇಕೋ ಅವರು ಹೇಳುತ್ತಾರೆ.